ಕುದಿಸೋದು ಬಿಟ್ಟ ಮೇಲೆ ಪಾಡ್ ಥಾಯ್ ಹದಕ್ಕೆ ಬಂತು

ಬ್ಯಾಂಕಾಕಿನ ತಳ್ಳುಗಾಡಿಯೊಂದರ ಮುಂದೆ ನಿಂತು ತಿಂದ ಪಾಡ್ ಥಾಯ್, ಅಂದರೆ ಥಾಯ್ಲೆಂಡಿನ ಹುರಿದ ನೂಡಲ್ಸ್, ನನಗೆ ಇನ್ನೂ ನೆನಪಿದೆ. ರುಚಿಗಿಂತ ಜಾಸ್ತಿ ಅದರ ಹದ. ಎಳೆಗಳು ಬಿಡಿಬಿಡಿಯಾಗಿದ್ದವು, ಆದರೂ ಮೆತ್ತಗಿದ್ದವು. ಮನೆಯಲ್ಲಿ ಮಾಡಿದರೆ ಮಾತ್ರ ಪ್ರತಿ ಸಲ ಮುದ್ದೆ. ಹುಣಸೆ ರಸ, ತಾಳೆ ಬೆಲ್ಲ, ಫಿಶ್ ಸಾಸ್ ಎಲ್ಲ ಸರಿಯಾಗೇ ಇರುತ್ತಿತ್ತು. ನೂಡಲ್ಸ್ ಮಾತ್ರ ತುಂಡಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು.

ಗೋಧಿ ನೂಡಲ್ಸಿನ ಹಾಗೆ ಅದನ್ನೂ ಕುದಿಸಿ ಬಸಿಯುತ್ತಿದ್ದೆ. ತಪ್ಪು ಅಲ್ಲೇ ಇತ್ತು. ಪಾಡ್ ಥಾಯ್‌ಗೆ ಹಾಕೋದು ಅಕ್ಕಿಯ ನೂಡಲ್ಸ್. ಥಾಯ್ಲೆಂಡಿನ ಪೂರ್ವದ ಚಂತಬುರಿ ಪ್ರಾಂತ್ಯದ ಹೆಸರಿನಲ್ಲಿ ಅದಕ್ಕೆ 'ಸೆನ್ ಚನ್' ಅಂತಾರೆ. ನೆನೆಸಿದ ಅಕ್ಕಿಯನ್ನು ರುಬ್ಬಿ, ಹಿಟ್ಟನ್ನು ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಕತ್ತರಿಸಿ ಒಣಗಿಸುತ್ತಾರೆ. ಅಂದರೆ ಅದು ಆಗಲೇ ಒಂದು ಸಲ ಬೆಂದಿದೆ. ಗೋಧಿಯಲ್ಲಿರುವ ಗ್ಲುಟನ್ ಎಂಬ ಜಿಗುಟು ಪ್ರೋಟೀನ್ ಅಕ್ಕಿಯಲ್ಲಿ ಇಲ್ಲ. ಮತ್ತೆ ಕುದಿಸಿದರೆ ಎಳೆಯನ್ನು ಹಿಡಿದಿಡೋಕೆ ಏನೂ ಇರಲ್ಲ.

ಈಗ ಬರೀ ತಣ್ಣೀರಲ್ಲಿ ನೆನೆಸುತ್ತೇನೆ. 3 ಮಿಲಿಮೀಟರ್ ಅಗಲದ್ದಾದರೆ ಸುಮಾರು 40 ನಿಮಿಷ. ಆಮೇಲೆ ಒಂದು ಎಳೆಯನ್ನು ಬೆರಳಿಗೆ ಸುತ್ತಿ ನೋಡುತ್ತೇನೆ. ಮುರಿಯದೆ ಸುತ್ತಿಕೊಳ್ಳಬೇಕು, ಆದರೆ ಕಚ್ಚಿದರೆ ಒಳಗೆ ಇನ್ನೂ ಗಟ್ಟಿ ಇರಬೇಕು. ಇನ್ನೊಂದು ಸ್ವಲ್ಪ ಹೊತ್ತು ಬಿಡೋಣ ಅಂತ ಅನ್ನಿಸುತ್ತೆ. ಬಿಡಬೇಡಿ, ಆಗಲೇ ತೆಗೆದು ಜರಡಿ ಬುಟ್ಟಿಗೆ ಹಾಕಿ 10 ನಿಮಿಷ ಸೋರಲು ಬಿಡಿ.

ಉಳಿದ ಹದ ಬಾಣಲೆಯಲ್ಲಿ ಬರೋದು. ಒಂದು ಸಲಕ್ಕೆ ಒಂದೇ ತಟ್ಟೆಗೆ ಆಗುವಷ್ಟು ಮಾಡಿ. ನಮ್ಮ ಮನೆ ಒಲೆಯ ಉರಿ ಅಂಗಡಿಯವರ ಉರಿಯಷ್ಟು ಜೋರಿರಲ್ಲ ಅಲ್ವಾ? ನಾಲ್ಕು ಜನರಿಗೆ ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗಿ, ನೂಡಲ್ಸ್ ಹುರಿಯೋ ಬದಲು ಅದರ ನೀರಲ್ಲೇ ಬೇಯುತ್ತದೆ.

ಚೆನ್ನಾಗಿ ಕಾದ ಎಣ್ಣೆಗೆ ಸಣ್ಣ ಈರುಳ್ಳಿ, ಟೋಫು ಹಾಕಿ, ನೂಡಲ್ಸ್ ಸೇರಿಸಿ, ಹುಣಸೆ ರಸ, ಬೆಲ್ಲ, ಫಿಶ್ ಸಾಸ್ ಬೆರೆಸಿದ ಸಾಸ್ ಸುರಿಯುತ್ತೇನೆ. ಮೊದಲ ನಿಮಿಷ ಎಳೆಗಳು ಬಿರುಸಾಗೇ ಇರುತ್ತವೆ, ತಿರುಗಿಸಿದರೆ ಗಂಟಾಗಿ ಉರುಳುತ್ತವೆ. ಆಗ ಹೆದರಬಾರದು. ಬಾಣಲೆಯ ಅಂಚಿನಿಂದ ಎರಡು ಚಮಚ ನೀರು ಹಾಕಿ, ಎರಡು ಸೌಟಿನಿಂದ ಮೇಲಕ್ಕೆ ಎತ್ತಿ ಎತ್ತಿ ಬಿಡಬೇಕು. ಕಲಕಿದರೆ ಎಳೆ ತುಂಡಾಗುತ್ತದೆ. ಸ್ವಲ್ಪ ಹೊತ್ತಿಗೆ ಬಿಳಿ ಬಣ್ಣ ಕಂದು ಬಣ್ಣಕ್ಕೆ ತಿರುಗಿ, ಎಳೆಗಳು ಸೌಟಿನಿಂದ ಸಲೀಸಾಗಿ ಜಾರತೊಡಗುತ್ತವೆ. ಒಂದು ಎಳೆ ಬಾಯಿಗೆ ಹಾಕಿ ನೋಡಿ. ಒಳಗೆ ಗಟ್ಟಿ ಸಿಕ್ಕರೆ ಇನ್ನೊಂದು ಚಮಚ ನೀರು ಅಷ್ಟೇ. ಆಮೇಲೆ ಪಕ್ಕಕ್ಕೆ ಸರಿಸಿ ಮೊಟ್ಟೆ ಒಡೆದು ಸೇರಿಸೋದು. ಹೆಸರುಕಾಳಿನ ಉದ್ದ ಮೊಳಕೆ ಒಲೆ ಆರಿಸಿದ ಮೇಲೆ, ಇಲ್ಲದಿದ್ದರೆ ಅದರ ಗರಿಗರಿ ಹೋಗುತ್ತದೆ.

ಸೋಯಾ ಸಾಸ್ ಹಾಕಿ ಹುರಿಯೋ ಇನ್ನೊಂದು ಥಾಯ್ ತಿಂಡಿ ಪಾಡ್ ಸೀ ಇವ್‌ಗೆ ಬೇಕಾದ ಅಗಲ ನೂಡಲ್ಸ್ ಹಸಿಯಾಗಿ ಸಿಕ್ಕರೆ ನೆನೆಸೋ ಕೆಲಸವೇ ಇಲ್ಲ. ಆದರೆ ಫ್ರಿಜ್ಜಿನಲ್ಲಿಟ್ಟರೆ, ತಂಗಳನ್ನ ಗಟ್ಟಿಯಾಗುವ ಹಾಗೆ ಬಿರುಸಾಗಿ, ಮುಟ್ಟಿದರೆ ಸಾಕು ಮುರಿಯುತ್ತದೆ. ಎರಡು ನಿಮಿಷ ಹಬೆಗೆ ಹಿಡಿದು, ಬಿಸಿ ಇರುವಾಗಲೇ ಕೈಯಲ್ಲಿ ಮೆಲ್ಲಗೆ ಬಿಡಿಸಿ ಬಾಣಲೆಗೆ ಹಾಕುತ್ತೇನೆ.