ಎದೆಬಡಿತ ಕೇಳಿಸಿದರೆ ಓಡಬೇಡಿ: ‘ಡೆಡ್ ಬೈ ಡೇಲೈಟ್’ನಲ್ಲಿ ಅಡಗಿ ಆಡುವುದು ಹೇಗೆ?

ಜನರೇಟರ್ ಮುಂದೆ ಕೂತು ರಿಪೇರಿ ಮಾಡುತ್ತಿರುತ್ತೀರಿ. ಹೆಡ್‌ಫೋನಿನಲ್ಲಿ ಸಣ್ಣಗೆ ಎದೆಬಡಿತ ಶುರುವಾಗುತ್ತದೆ. ಹೊಸದಾಗಿ ಆಡುವ ಬಹುತೇಕರು ಆ ಕ್ಷಣವೇ ಶಿಫ್ಟ್ ಕೀ ಒತ್ತಿ ಓಟ ಕೀಳುತ್ತಾರೆ. ಕೆಟ್ಟದ್ದು ಆಗುವುದು ಅಲ್ಲೇ. ಅಷ್ಟು ಹೊತ್ತು ನೀವೆಲ್ಲಿದ್ದೀರಿ ಎಂದೇ ಗೊತ್ತಿರದ ಕಿಲ್ಲರ್‌ಗೆ, ನೀವು ಓಡಿದ ದಾರಿಯುದ್ದಕ್ಕೂ ನೆಲದ ಮೇಲೆ, ಗೋಡೆಯ ಮೇಲೆ ಕೆಂಪು ಗೀರುಗಳು ಕಾಣಿಸತೊಡಗುತ್ತವೆ. ಆ ಗೀರುಗಳು ಸುಮಾರು 10 ಸೆಕೆಂಡ್ ಉಳಿಯುತ್ತವೆ. ನಿಮ್ಮ ಪರದೆಯಲ್ಲಿ ಅವು ಕಾಣುವುದಿಲ್ಲ. ಹಾಗಾಗಿ ಹೇಗೆ ಸಿಕ್ಕಿಬಿದ್ದೆವೆಂಬುದೇ ಎಷ್ಟೋ ಜನರಿಗೆ ಬಹಳ ದಿನ ತಿಳಿಯುವುದಿಲ್ಲ.

‘ಡೆಡ್ ಬೈ ಡೇಲೈಟ್’ 2016ರ ಜೂನ್‌ನಲ್ಲಿ ಬಂದ ಆಟ. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಬಿಹೇವಿಯರ್ ಇಂಟರ್‌ಆ್ಯಕ್ಟಿವ್ ಕಂಪನಿ ಇದನ್ನು ಮಾಡಿದೆ. ಒಂದು ಮ್ಯಾಚಿಗೆ ಐದು ಜನ. ನಾಲ್ವರು ಸರ್ವೈವರ್‌ಗಳು, ಒಬ್ಬ ಕಿಲ್ಲರ್. ಮೈದಾನದಲ್ಲಿ ಏಳು ಜನರೇಟರ್‌ಗಳಿರುತ್ತವೆ. ಅವುಗಳಲ್ಲಿ ಐದನ್ನು ರಿಪೇರಿ ಮಾಡಿದರೆ ಎರಡು ಗೇಟುಗಳಿಗೆ ಕರೆಂಟ್ ಬರುತ್ತದೆ. ಗೇಟು ತೆರೆದು ಹೊರಬಿದ್ದವರು ಗೆದ್ದಂತೆ. ಅಷ್ಟರೊಳಗೆ ಎಲ್ಲರನ್ನೂ ಹಿಡಿದು ಕೊಕ್ಕೆಗೆ ನೇತುಹಾಕುವುದು ಕಿಲ್ಲರ್‌ನ ಕೆಲಸ.

ಎರಡು ಕಡೆಯವರಿಗೆ ಎರಡು ಬಗೆಯ ಬಲ, ಎರಡು ಬಗೆಯ ನಿಯಮ ಇರುವ ಆಟ ನಮಗೆ ಹೊಸದಲ್ಲ. ಗುಡಿಯ ಕಲ್ಲುಹಾಸಿನ ಮೇಲೆ ಕೊರೆದ ಆಡು-ಹುಲಿ ಆಟದ ಮನೆಗಳನ್ನು ನೋಡಿದ್ದೀರಲ್ಲ? ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ಕಡಿಯುತ್ತದೆ, ಆಡುಗಳು ಕಡಿಯಲಾರವು, ಸುತ್ತುಗಟ್ಟಬಲ್ಲವು ಅಷ್ಟೇ. ಆ ಆಟ ಚೆನ್ನಾಗಿ ಆಡುವವರು ಒಂದು ಆಡನ್ನು ಹುಲಿಯ ಬಾಯಿಗಿಟ್ಟು, ಅದು ಅತ್ತ ಹೋದಾಗ ಇತ್ತ ಎರಡು ದಾರಿ ಮುಚ್ಚುತ್ತಾರೆ. ಇಲ್ಲಿ ಬೇಕಾಗಿರುವುದೂ ಅದೇ ಲೆಕ್ಕ.

ಕೂರುವ ಮೊದಲು

ಇದು ರಕ್ತ, ಕಿರುಚಾಟ ಇರುವ ಭಯಾನಕ ಆಟ. ಯುರೋಪಿನ ರೇಟಿಂಗ್ ಪ್ರಕಾರ 18 ದಾಟಿದವರಿಗೆ ಮಾತ್ರ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಆಡಿ. ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್‌ಗಳಲ್ಲಿ ಸಿಗುತ್ತದೆ. ಫೋನಿನಲ್ಲಿ ಆಡುವ ಆವೃತ್ತಿ 2025ರಲ್ಲಿ ನಿಂತುಹೋಯಿತು, ಅದನ್ನು ಹುಡುಕಿ ಹೊತ್ತು ಕಳೆಯಬೇಡಿ.

ಹೆಡ್‌ಫೋನ್ ಇಲ್ಲದೆ ಈ ಆಟಕ್ಕೆ ಇಳಿಯಲೇಬೇಡಿ. ಟಿವಿಯ ಸ್ಪೀಕರಿನಲ್ಲಿ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯುವುದಿಲ್ಲ, ಅದು ತಿಳಿಯದಿದ್ದರೆ ಅರ್ಧ ಆಟವೇ ಇಲ್ಲ. ದುಬಾರಿಯದ್ದು ಬೇಕಿಲ್ಲ, ಎರಡೂ ಕಿವಿಗೆ ಸರಿಯಾಗಿ ಕೇಳಿಸುವ ಸಾಧಾರಣ ಇಯರ್‌ಫೋನ್ ಸಾಕು. ಆಟದೊಳಗಿನ ಟ್ಯುಟೋರಿಯಲ್ ಎರಡೂ ಪಾತ್ರಗಳಿಗೆ ಬಾಟ್‌ಗಳ (ಕಂಪ್ಯೂಟರ್ ಆಡಿಸುವ ಪಾತ್ರಗಳ) ಜೊತೆ ಅಭ್ಯಾಸ ಕೊಡುತ್ತದೆ. ಎರಡನ್ನೂ ಮುಗಿಸಿ. ಅದರಲ್ಲೂ ಕಿಲ್ಲರ್ ಭಾಗವನ್ನು ಬಿಡಬೇಡಿ, ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಸಮಯದ ಲೆಕ್ಕ ಹಾಕಿ

ಒಬ್ಬರೇ ಕೂತರೆ ಒಂದು ಜನರೇಟರ್ ರಿಪೇರಿಗೆ 90 ಸೆಕೆಂಡ್ ಹಿಡಿಯುತ್ತದೆ. ಐದಕ್ಕೆ 450 ಸೆಕೆಂಡ್. ಕಿಲ್ಲರ್ ಒಬ್ಬರನ್ನು ಅಟ್ಟಿಸಿಕೊಂಡು ಹೋಗಿದ್ದಾನೆ, ಉಳಿದ ಮೂವರು ಬೇರೆ ಬೇರೆ ಕಡೆ ಕೆಲಸಕ್ಕೆ ಕೂತಿದ್ದಾರೆ ಎಂದುಕೊಳ್ಳಿ. ಓಡಾಟದ ಸಮಯ ಬಿಟ್ಟರೆ ಎರಡೂವರೆ ನಿಮಿಷದ ಕೆಲಸ ಅದು. ಈಗ ಆ ಮೂವರಲ್ಲಿ ಒಬ್ಬರು ಹೆದರಿ ಪೊದೆಯ ಹಿಂದೆ ಒಂದು ನಿಮಿಷ ಕೂತರು. ಅವರು ಸಿಕ್ಕಿಬೀಳಲಿಲ್ಲ, ನಿಜ. ಆದರೆ ಅಷ್ಟು ಹೊತ್ತಿನಲ್ಲಿ ಮೂರನೇ ಎರಡು ಪಾಲಿಗೆ ಬರಬೇಕಿದ್ದ ಜನರೇಟರಿನಲ್ಲಿ ಕೆಲಸವೇ ಶುರುವಾಗಿಲ್ಲ. ಅದರ ಬೆಲೆಯನ್ನು ಅತ್ತ ಓಡುತ್ತಿರುವ ಗೆಳೆಯ ತೆರುತ್ತಾನೆ.

ಈ ಆಟದ ಬಗ್ಗೆ ನನ್ನ ಗಟ್ಟಿ ಅಭಿಪ್ರಾಯ ಇದು: ಅಡಗುವುದು ಕೆಲಸಕ್ಕೆ ಮರಳುವ ದಾರಿಯಾಗಿರಬೇಕು. ಮ್ಯಾಚಿನುದ್ದಕ್ಕೂ ಯಾರ ಕಣ್ಣಿಗೂ ಬೀಳದೆ, ಒಂದು ಜನರೇಟರನ್ನೂ ಮುಟ್ಟದೆ ಉಳಿದವರನ್ನು ಜಾಣರೆಂದು ನಾನು ಒಪ್ಪುವುದಿಲ್ಲ. ಅವರ ಪಾಲಿನ ಭಾರವನ್ನು ಉಳಿದ ಮೂವರು ಹೊತ್ತಿರುತ್ತಾರೆ.

ಎದೆಬಡಿತವನ್ನು ಓದುವುದು

ಕಿಲ್ಲರ್ ಸುತ್ತ ಒಂದು ವೃತ್ತ ಇರುತ್ತದೆ, ಟೆರರ್ ರೇಡಿಯಸ್ ಎನ್ನುತ್ತಾರೆ. ಹೆಚ್ಚಿನ ಕಿಲ್ಲರ್‌ಗಳಿಗೆ ಅದು 32 ಮೀಟರ್. ನೀವು ಅದರೊಳಗೆ ಬಂದರೆ ಎದೆಬಡಿತ ಕೇಳಿಸುತ್ತದೆ, ಹತ್ತಿರವಾದಷ್ಟೂ ಬಡಿತ ಜೋರಾಗುತ್ತದೆ. ಸಾಮಾನ್ಯ ಕಿಲ್ಲರ್‌ನ ವೇಗ ಸೆಕೆಂಡಿಗೆ 4.6 ಮೀಟರ್. ಎಂದರೆ ಅವನು ನೇರವಾಗಿ ನಿಮ್ಮ ಕಡೆಗೇ ಬರುತ್ತಿದ್ದರೂ ಮೊದಲ ಬಡಿತದಿಂದ ನಿಮ್ಮ ಬಳಿ ಮುಟ್ಟಲು ಏಳು ಸೆಕೆಂಡ್ ಬೇಕು. ಓಡದೆ ಬರೀ ನಡೆದರೂ ನೀವು ಸೆಕೆಂಡಿಗೆ ಎರಡು ಮೀಟರಿಗಿಂತ ಹೆಚ್ಚು ಸಾಗುತ್ತೀರಿ. ಏಳು ಸೆಕೆಂಡಿನಲ್ಲಿ ಸುಮಾರು 15 ಮೀಟರ್! ಒಂದು ಗೋಡೆಯ ಆಚೆಗೋ ಬಂಡೆಯ ಹಿಂದಕ್ಕೋ ಹೋಗಲು ಧಾರಾಳ ಸಾಕು. ನಡೆದರೂ ಬಗ್ಗಿ ಸರಿದರೂ ಗೀರು ಮೂಡುವುದಿಲ್ಲ.

ಆದ್ದರಿಂದ ಬಡಿತ ಕೇಳಿಸಿದಾಗ ಮೊದಲು ಮಾಡಬೇಕಾದ್ದು, ಕೈ ಜನರೇಟರ್ ಮೇಲೆ ಇದ್ದಂತೆಯೇ ಕ್ಯಾಮೆರಾ ತಿರುಗಿಸಿ ನೋಡುವುದು. ನಿಮ್ಮ ನೋಟ ಪಾತ್ರದ ಬೆನ್ನ ಹಿಂದಿನಿಂದ ಇರುತ್ತದೆ, ಗೋಡೆಯ ಮೂಲೆಯಾಚೆಗೂ ಇಣುಕಬಹುದು. ಕಿಲ್ಲರ್‌ಗೆ ಆ ಅನುಕೂಲ ಇಲ್ಲ, ಅವನು ತನ್ನ ಕಣ್ಣಿಗೆ ಎದುರಾದುದನ್ನಷ್ಟೇ ನೋಡುತ್ತಾನೆ. ಅವನ ಮುಂದೆ ನೆಲದ ಮೇಲೆ ಕೆಂಪು ಬೆಳಕೊಂದು ಬೀಳುತ್ತಿರುತ್ತದೆ, ಅವನು ಯಾವ ಕಡೆ ಮುಖ ಮಾಡಿದ್ದಾನೆಂದು ಅದರಿಂದಲೇ ತಿಳಿಯಬಹುದು. ಬಡಿತ ಏರದೆ ಒಂದೇ ಸಮ ಇದ್ದರೆ ಅವನು ಪಕ್ಕದಲ್ಲಿ ಹಾದುಹೋಗುತ್ತಿದ್ದಾನೆ. ಕೆಲಸ ಮುಂದುವರಿಸಿ. ಬಡಿತ ಏರುತ್ತಾ ಬಂದರೆ ಎದ್ದು ನಡೆಯಿರಿ. ಅವನು ಬರುವ ದಿಕ್ಕಿಗೂ ನಿಮಗೂ ನಡುವೆ ಏನಾದರೂ ಅಡ್ಡ ಇರುವಂತೆ ಸುತ್ತಿಕೊಳ್ಳುತ್ತಾ ಹೋಗಿ. ಅವನು ಜನರೇಟರ್ ನೋಡಿ, ಒದ್ದು, ಮುಂದೆ ಹೋದ ಕೂಡಲೇ ವಾಪಸ್ ಬನ್ನಿ.

ಬಡಿತವನ್ನೇ ನೆಚ್ಚಿಕೊಂಡವರಿಗೆ ಪೆಟ್ಟು ಕೊಡುವ ಕಿಲ್ಲರ್‌ಗಳೂ ಇದ್ದಾರೆ. ರೇತ್ ಮಾಯವಾಗಿ ಓಡಾಡುವಾಗ ಎದೆಬಡಿತ ಬರುವುದಿಲ್ಲ, ಅವನು ಮತ್ತೆ ಕಾಣಿಸಿಕೊಳ್ಳುವಾಗ ಗಂಟೆಯ ಸದ್ದು ಮಾತ್ರ ಕೇಳಿಸುತ್ತದೆ. ಘೋಸ್ಟ್ ಫೇಸ್ ಕೂಡ ಸದ್ದಿಲ್ಲದೆ ಮರೆಯಲ್ಲಿ ನಿಂತು ನೋಡುವವನೇ. ಎರಡು ನಿಮಿಷವಾದರೂ ಬಡಿತವೇ ಕೇಳಿಸಲಿಲ್ಲ, ಆದರೂ ಯಾರೋ ಗಾಯಗೊಂಡರು ಎಂದರೆ ಅಂಥವನೇ ಬಂದಿದ್ದಾನೆ ಎಂದು ತಿಳಿಯಿರಿ. ಆಗ ಕಿವಿಗಿಂತ ಕಣ್ಣಿಗೆ ಹೆಚ್ಚು ಕೆಲಸ.

ನಿಮ್ಮನ್ನು ಹಿಡಿದುಕೊಡುವ ಸಣ್ಣ ಸಂಗತಿಗಳು

ಕಾಗೆಗಳು. ಮೈದಾನದಲ್ಲಿ ಅಲ್ಲಲ್ಲಿ ಕೂತಿರುತ್ತವೆ, ಹತ್ತಿರ ನುಗ್ಗಿದರೆ ಕೂಗುತ್ತಾ ಹಾರುತ್ತವೆ. ಅನುಭವಿ ಕಿಲ್ಲರ್ ಆಕಾಶ ನೋಡಿಯೇ ನಿಮ್ಮ ಜಾಗ ಹೇಳುತ್ತಾನೆ.

ಸ್ಕಿಲ್ ಚೆಕ್. ರಿಪೇರಿ ನಡುವೆ ವೃತ್ತದಲ್ಲಿ ಮುಳ್ಳು ತಿರುಗುತ್ತದೆ, ಗುರುತಿನೊಳಗೆ ಬಂದಾಗ ಸ್ಪೇಸ್ ಒತ್ತಬೇಕು. ತಪ್ಪಿದರೆ ಜನರೇಟರ್ ಢಮ್ಮೆನ್ನುತ್ತದೆ, ಆಗಿದ್ದ ಕೆಲಸವೂ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಕಿಲ್ಲರ್‌ಗೆ ಸುದ್ದಿಯೂ ಮುಟ್ಟುತ್ತದೆ. ಪಕ್ಕದಲ್ಲಿ ಮನೆಯವರು ಮಾತಾಡಿಸುತ್ತಿದ್ದರೆ ಒಂದು ಕ್ಷಣ ಕೈ ತೆಗೆಯುವುದೇ ವಾಸಿ.

ಕಿಟಕಿ ಹಾರುವಾಗ ಓಡಿ ಬಂದು ಹಾರಿದರೆ ಸದ್ದಾಗುತ್ತದೆ. ನಿಧಾನವಾಗಿ ಹತ್ತಿ ಇಳಿದರೆ ಇಲ್ಲ. ಲಾಕರ್ ಬಾಗಿಲಿಗೂ ಇದೇ ಮಾತು. ಲಾಕರ್ ಬಗ್ಗೆ ಇನ್ನೊಂದು ಎಚ್ಚರಿಕೆ: ಕಿಲ್ಲರ್ ನೋಡಿದ ಮೇಲೆ ಅದರೊಳಗೆ ಹೊಕ್ಕರೆ ಅವನು ಬಾಗಿಲು ತೆಗೆದು ನಿಮ್ಮನ್ನು ನೇರ ಹೆಗಲಿಗೇರಿಸಿಕೊಳ್ಳುತ್ತಾನೆ. ಹೊಡೆಯುವ ಶ್ರಮವೂ ಅವನಿಗೆ ಉಳಿಯುತ್ತದೆ.

ಗಾಯಗೊಂಡಿದ್ದರೆ ನಿಮ್ಮ ಪಾತ್ರ ನರಳುತ್ತದೆ, ರಕ್ತದ ಹನಿ ಬಿಡುತ್ತದೆ. ಆಗ ಪೊದೆಯಲ್ಲಿ ಕೂತರೂ ಪ್ರಯೋಜನ ಕಡಿಮೆ. ಸಂಗಾತಿ ಸಿಕ್ಕರೆ 16 ಸೆಕೆಂಡಿನಲ್ಲಿ ಗುಣಪಡಿಸುತ್ತಾರೆ, ಅದನ್ನು ಕಿಲ್ಲರ್ ಈಗಷ್ಟೇ ಬಿಟ್ಟುಹೋದ ಜಾಗದಿಂದ ದೂರ ಹೋಗಿ ಮಾಡಿಸಿಕೊಳ್ಳಿ. ಜೇಕ್ ಪಾರ್ಕ್ ಪಾತ್ರದ ‘ಐರನ್ ವಿಲ್’ ಪರ್ಕ್ (ಪಾತ್ರಕ್ಕೆ ಹಾಕಿಕೊಳ್ಳುವ ವಿಶೇಷ ಶಕ್ತಿ) ಈ ನರಳಾಟವನ್ನು ತಗ್ಗಿಸುತ್ತದೆ.

ಬಟ್ಟೆಯ ಬಣ್ಣ ಕೂಡ ಲೆಕ್ಕಕ್ಕೆ ಬರುತ್ತದೆ. ಕೋಲ್ಡ್‌ವಿಂಡ್ ಫಾರ್ಮ್ ಎಂಬ ಮೈದಾನದ ಜೋಳದ ಹೊಲದಲ್ಲಿ ಬಿಳಿ ಅಂಗಿ ಹಾಕಿಕೊಂಡು ಬಗ್ಗಿ ಕೂತರೆ ದೂರಕ್ಕೇ ಕಾಣುತ್ತೀರಿ. ಕಪ್ಪು, ಕಂದು, ಕಡು ಹಸಿರು ಆರಿಸಿಕೊಳ್ಳಿ.

ಅಟ್ಟಿಸಿಕೊಂಡು ಬಂದರೆ

ಎಷ್ಟೇ ಎಚ್ಚರ ಇದ್ದರೂ ಒಮ್ಮೆ ಕಣ್ಣಿಗೆ ಬೀಳುತ್ತೀರಿ. ಆಗ ಅಡಗುವ ಯೋಚನೆ ಬಿಟ್ಟು ಓಡಿ, ಆದರೆ ಗೆಳೆಯರು ರಿಪೇರಿ ಮಾಡುತ್ತಿರುವ ಕಡೆಗೆ ಮಾತ್ರ ಓಡಬೇಡಿ. ನಿಮ್ಮ ಓಟ ಸೆಕೆಂಡಿಗೆ 4 ಮೀಟರ್, ಅವನದು 4.6. ಬಯಲಿನಲ್ಲಿ 12 ಮೀಟರ್ ಅಂತರ 20 ಸೆಕೆಂಡಿನಲ್ಲಿ ಕರಗಿಹೋಗುತ್ತದೆ. ಅದಕ್ಕೇ ಕಿಟಕಿ, ಗೋಡೆ, ಮರದ ಪ್ಯಾಲೆಟ್ (ಬೀಳಿಸಿ ದಾರಿಗೆ ಅಡ್ಡ ಹಾಕಬಹುದಾದ ಹಲಗೆ) ಇರುವ ಕಡೆಗೆ ಎಳೆದುಕೊಂಡು ಹೋಗಿ ಸುತ್ತಿಸಬೇಕು. ಪ್ಯಾಲೆಟ್ ಅನ್ನು ಅವನ ಮೇಲೆ ಬೀಳಿಸಿದರೆ ಕೆಲ ಕ್ಷಣ ತತ್ತರಿಸುತ್ತಾನೆ, ಆಮೇಲೆ ಅದನ್ನು ಒಡೆಯಲೂ ಹೊತ್ತು ಕಳೆಯುತ್ತಾನೆ. ನೀವು ಒಂದು ನಿಮಿಷ ಅವನನ್ನು ಹೀಗೆ ಸುತ್ತಿಸಿದರೆ ಅತ್ತ ಮೂವರಿಂದ ಒಟ್ಟು ಮೂರು ನಿಮಿಷದ ಕೆಲಸ ನಡೆದಿರುತ್ತದೆ. ಕೊನೆಗೆ ಸಿಕ್ಕಿಬಿದ್ದರೂ ಬೇಸರಪಡಬೇಕಿಲ್ಲ, ಆಡು-ಹುಲಿ ಆಟದ ಆ ಆಡು ನೀವೇ.

ತಪ್ಪಿಸಿಕೊಳ್ಳುವ ಉಪಾಯ ಒಂದಿದೆ. ಗೋಡೆ ಮರೆಯಾದ ಕೂಡಲೇ ಓಟ ನಿಲ್ಲಿಸಿ, ದಿಕ್ಕು ಬದಲಿಸಿ ನಡೆಯುವುದು. ಗೀರುಗಳು ಒಂದು ಕಡೆ ಹೋಗಿ ನಿಂತುಬಿಡುತ್ತವೆ, ನೀವು ಇನ್ನೊಂದು ಕಡೆ ಇರುತ್ತೀರಿ. ಮೊದಲ ಸಲ ಇದು ಫಲಿಸಿ, ಕಿಲ್ಲರ್ ನನ್ನ ಎರಡು ಅಡಿ ದೂರದಲ್ಲಿ ಹಾದುಹೋದಾಗ ನಾನು ಉಸಿರು ಬಿಗಿಹಿಡಿದಿದ್ದೆ. ಈ ಆಟದಲ್ಲಿ ಅದಕ್ಕಿಂತ ಹೆಚ್ಚಿನ ಖುಷಿ ನನಗೆ ಇನ್ನೂ ಸಿಕ್ಕಿಲ್ಲ.

ಕೊಕ್ಕೆಯಿಂದ ಬಿಡಿಸುವುದು

ಎರಡು ಏಟಿಗೆ ನೆಲಕ್ಕೆ ಬೀಳುತ್ತೀರಿ, ಆಮೇಲೆ ಕೊಕ್ಕೆ. ಮೂರನೇ ಸಲ ಕೊಕ್ಕೆಗೇರಿದರೆ ಆಟದಿಂದ ಹೊರಗೆ. ಪ್ರತಿ ಹಂತಕ್ಕೂ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಸಮಯ ಇರುತ್ತದೆ, ಅದು ಮುಗಿದರೆ ತಾನಾಗಿ ಮುಂದಿನ ಹಂತ. ಹೊಸಬರು ಗೆಳೆಯ ಕೊಕ್ಕೆಗೇರಿದ ಕೂಡಲೇ ಮೂವರೂ ಅತ್ತ ಓಡುತ್ತಾರೆ. ಯಾರೂ ರಿಪೇರಿ ಮಾಡುತ್ತಿಲ್ಲ, ಮೂವರೂ ಕಿಲ್ಲರ್ ಹತ್ತಿರ. ಅವನಿಗೆ ಇನ್ನೇನು ಬೇಕು? ಹತ್ತಿರ ಇರುವ ಒಬ್ಬರು ಹೋಗಿ, ಅವನು ದೂರ ಸರಿಯುವವರೆಗೆ ಕಾದು ಬಿಡಿಸಿ. ಬಿಡಿಸಿಕೊಂಡವರಿಗೆ 10 ಸೆಕೆಂಡ್ ರಕ್ಷಣೆ ಇರುತ್ತದೆ, ಅಷ್ಟರಲ್ಲಿ ಜಾಗ ಖಾಲಿ ಮಾಡಬೇಕು.

ಯಾರು ಹೋಗುವುದೆಂದು ಮಾತಾಡಿಕೊಳ್ಳಲು ಆಟದೊಳಗೆ ಧ್ವನಿ ಸೌಲಭ್ಯ ಇಲ್ಲ. ಗೆಳೆಯರ ಗುಂಪಾದರೆ ಡಿಸ್ಕಾರ್ಡ್ ಕಾಲ್ ಹಾಕಿಕೊಂಡು ಕನ್ನಡದಲ್ಲೇ ಮಾತಾಡಿಕೊಂಡು ಆಡಬಹುದು, ನಾವು ಹಾಗೇ ಆಡುವುದು. ‘ನಾ ಹೋಗ್ತೀನಿ, ನೀನು ಕೂತ್ಕೋ’ ಎಂಬ ಎರಡು ಮಾತು ಒಂದಿಡೀ ಮ್ಯಾಚ್ ಉಳಿಸಿದ್ದುಂಟು. ಒಬ್ಬರೇ ಆಡುವವರು ‘ಕಿಂಡ್ರೆಡ್’ ಪರ್ಕ್ ಹಾಕಿಕೊಳ್ಳಿ. ಯಾರಾದರೂ ಕೊಕ್ಕೆಯಲ್ಲಿದ್ದಾಗ ಉಳಿದವರು ಎಲ್ಲಿದ್ದಾರೆಂದು ತೋರಿಸುತ್ತದೆ.

ಒಮ್ಮೆ ಕಿಲ್ಲರ್ ಆಗಿ ನೋಡಿ

ಹತ್ತು ಮ್ಯಾಚ್ ಸರ್ವೈವರ್ ಆಗಿ ಆಡಿ ಕಲಿಯುವುದನ್ನು ಎರಡು ಮ್ಯಾಚ್ ಕಿಲ್ಲರ್ ಆಗಿ ಕಲಿಯಬಹುದು. ಕಿಲ್ಲರ್‌ಗೆ ರಿಪೇರಿ ಆಗದ ಜನರೇಟರ್‌ಗಳೆಲ್ಲ ಎಲ್ಲಿಂದಲಾದರೂ ಕೆಂಪು ರೇಖೆಯಲ್ಲಿ ಕಾಣುತ್ತವೆ. ಹಾಗಾಗಿ ಅವನು ನಿಮ್ಮನ್ನು ಹುಡುಕುವುದಿಲ್ಲ, ಜನರೇಟರ್‌ಗಳನ್ನು ಸುತ್ತುತ್ತಾನೆ. ಅದರ ಪಿಸ್ಟನ್ ಆಡುತ್ತಿದ್ದರೆ ಇಲ್ಲೇ ಯಾರೋ ಇದ್ದರು ಎಂದರ್ಥ. ಪಕ್ಕದ ಬಂಡೆಯ ಹಿಂದೆ, ಹತ್ತಿರದ ಲಾಕರಿನಲ್ಲಿ ನೋಡುತ್ತಾನೆ. ನೀವೂ ಅವನ ಜಾಗದಲ್ಲಿ ನಿಂತು ಮೊದಲು ಎಲ್ಲಿ ನೋಡಿದಿರೋ, ಸರ್ವೈವರ್ ಆದಾಗ ಅಲ್ಲಿ ಅಡಗಬೇಡಿ. ಜಾಣ ಕಿಲ್ಲರ್‌ಗಳು ಹಿಮ್ಮುಖವಾಗಿ ನಡೆದು ಕೆಂಪು ಬೆಳಕನ್ನು ಬಚ್ಚಿಡುವುದೂ ಉಂಟು, ಗೋಡೆಯ ತುದಿಯಲ್ಲಿ ಬೆಳಕು ಕಾಣದಿದ್ದರೂ ನಂಬಬೇಡಿ.

ಕಿಲ್ಲರ್ ಆಗಿ ಆಡಿದವರಿಗೆ ಇನ್ನೊಂದು ಗುಟ್ಟೂ ತಿಳಿಯುತ್ತದೆ. ಕೊನೆಗೆ ಉಳಿದ ಮೂರು ಜನರೇಟರ್‌ಗಳು ಒಂದೇ ಮೂಲೆಯಲ್ಲಿದ್ದರೆ ಕಾಯುವುದು ಬಹಳ ಸುಲಭ. ಆದ್ದರಿಂದ ಸರ್ವೈವರ್‌ಗಳು ಶುರುವಿನಲ್ಲೇ ಮೈದಾನದ ನಡುವಿನದನ್ನೂ ಒಂದಕ್ಕೊಂದು ಹತ್ತಿರ ಇರುವವನ್ನೂ ಮುಗಿಸಿಬಿಡಬೇಕು.

ಗೇಟಿನ ಬಳಿ

ಐದನೆಯದು ಮುಗಿದ ಮೇಲೆ ಗೇಟಿನ ಸ್ವಿಚ್ಚನ್ನು 20 ಸೆಕೆಂಡ್ ಹಿಡಿದಿರಬೇಕು. ಗೇಟು ಪೂರ್ತಿ ತೆರೆದುಕೊಂಡರೆ ಎರಡು ನಿಮಿಷದ ಗಡುವು ಶುರುವಾಗುತ್ತದೆ, ಅದು ಮುಗಿದಾಗ ಒಳಗೆ ಉಳಿದವರೆಲ್ಲ ಸತ್ತಂತೆ. ಒಬ್ಬ ಗೆಳೆಯ ಇನ್ನೂ ಕೊಕ್ಕೆಯಲ್ಲಿದ್ದರೆ ಸ್ವಿಚ್ಚನ್ನು ತುದಿಯವರೆಗೆ ತಂದು, ತೆರೆಯುವ ಮುನ್ನ ಕೈ ಬಿಡಿ. ಆಗಿರುವ ಕೆಲಸ ಅಲ್ಲೇ ಉಳಿದಿರುತ್ತದೆ, ಗಡುವು ಶುರುವಾಗುವುದಿಲ್ಲ. ಒಬ್ಬರು ಸ್ವಿಚ್ಚಿನ ಬಳಿ ಕಾಯಲಿ, ಒಬ್ಬರು ಬಿಡಿಸಲು ಹೋಗಲಿ. ಎಲ್ಲರೂ ಓಡಿ ಬರುವುದು ಕಂಡಾಗ ಕೊನೆಯ ಆ ಒಂದು ಎಳೆತ ಸಾಕು. ಮೂವರೂ ಹೋಗಿ ನೀವೊಬ್ಬರೇ ಉಳಿದಿದ್ದರೆ ಮಾತು ಬೇರೆ: ನೆಲದಲ್ಲಿ ಎಲ್ಲೋ ಹ್ಯಾಚ್ (ತಪ್ಪಿಸಿಕೊಳ್ಳುವ ನೆಲಬಾಗಿಲು) ತೆರೆದುಕೊಂಡಿರುತ್ತದೆ, ಹತ್ತಿರ ಹೋದರೆ ಗಾಳಿ ಬೀಸುವಂಥ ಸದ್ದು ಕೇಳಿಸುತ್ತದೆ. ಆಗಲೂ ಓಡಬೇಡಿ, ಕಿವಿಗೊಟ್ಟು ನಡೆಯಿರಿ.