ಹಳೆಯ ನುಡಿ ಕಡತ ಕಲಸುಮೇಲೋಗರವಾಗಿ ಕಂಡರೆ

ನಿವೃತ್ತ ಮೇಷ್ಟರೊಬ್ಬರು ಕಳೆದ ತಿಂಗಳು ಪೆನ್‌ಡ್ರೈವ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಇಪ್ಪತ್ತು ವರ್ಷಗಳ ಹಿಂದೆ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಊರಿನ ಇತಿಹಾಸ ಅದರಲ್ಲಿತ್ತು. ಮಗ ಕೊಡಿಸಿದ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಸುಳಿವೇ ಇಲ್ಲ. ನೆತ್ತಿಯ ಮೇಲೆ ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟಿಷರ ಪೌಂಡ್ ಚಿಹ್ನೆ. ‘ವೈರಸ್ ಹೊಕ್ಕಿದೆ, ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡಬೇಕು’ ಎಂದು ಯಾರೋ ಹೇಳಿದ್ದರಂತೆ. ಪುಣ್ಯಕ್ಕೆ ಮೇಷ್ಟರು ಆ ಮಾತು ಕೇಳಿರಲಿಲ್ಲ.

ಇದು ವೈರಸ್ ಅಲ್ಲ, ಕಡತ ಕೆಟ್ಟೂ ಇಲ್ಲ. ನಿಜ ಹೇಳಬೇಕೆಂದರೆ ಆ ಕಡತದೊಳಗೆ ಕನ್ನಡ ಎಂದೂ ಇರಲೇ ಇಲ್ಲ. ಆ ಕಾಲದ ನುಡಿ, ಬರಹ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖವಾಡ ತೊಡಿಸಿ ಕೆಲಸ ಸಾಗಿಸುತ್ತಿದ್ದವು. ‘ಕನ್ನಡ’ ಎಂಬ ಪದವನ್ನೇ ನೋಡಿ. ನುಡಿಯ ಹಳೆಯ ಫಾಂಟ್‌ನಲ್ಲಿ ಇಂಗ್ಲಿಷಿನ ದೊಡ್ಡ ಪಿ ಅಕ್ಷರವೆಂದರೆ ತಲೆಕಟ್ಟಿಲ್ಲದ ಕ. ಗೀರು ಹೊತ್ತ ದೊಡ್ಡ ಎ ಅಕ್ಷರವೇ ತಲೆಕಟ್ಟು. ಪೌಂಡ್ ಚಿಹ್ನೆ ನಕಾರದ ಒಡಲು, ಜರ್ಮನ್ನರ ಜೋಡಿ ಎಸ್ ಅದರ ಒತ್ತು, ಸಣ್ಣ ಕ್ಯೂ ಡಕಾರ. ಇವುಗಳ ನಡುವೆ ಮತ್ತೆ ಎರಡು ತಲೆಕಟ್ಟು. ಹೀಗೆ ಏಳು ಚೂರುಗಳನ್ನು ಮೊಳೆ ಜೋಡಿಸಿದಂತೆ ಜೋಡಿಸಿದರೆ ಕಣ್ಣಿಗೆ ‘ಕನ್ನಡ’ ಕಾಣುತ್ತಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮುಖವಾಡ ಕಳಚುತ್ತದೆ, ಅಷ್ಟೇ. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಕನ್ನಡಕ್ಕೆಂದೇ 128 ಮನೆಗಳ ಒಂದು ಓಣಿಯಿದೆ. ಕ, ನ, ವಿರಾಮ (ಅಕ್ಷರದ ಸ್ವರ ಕಳೆಯುವ ಚಿಹ್ನೆ), ನ, ಡ ಎಂದು ಐದು ಸಂಕೇತಗಳಲ್ಲಿ ಪದ ಮುಗಿಯುತ್ತದೆ, ಯಾವ ಫಾಂಟ್ ಹಾಕಿದರೂ ಅದು ಕನ್ನಡವೇ.

ಈಗ ಕೆಲಸಕ್ಕೆ ಇಳಿಯೋಣ. ಮೊದಲು ಕಡತದ ಒಂದು ಪ್ರತಿ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಪ್ರತಿಯನ್ನು ವರ್ಡ್‌ನಲ್ಲಿ ತೆರೆದು ಆ ವಿಚಿತ್ರ ಅಕ್ಷರಗಳ ಮಧ್ಯೆ ಎಲ್ಲಾದರೂ ಕ್ಲಿಕ್ ಮಾಡಿ, ಮೇಲಿನ ಫಾಂಟ್ ಪೆಟ್ಟಿಗೆಯನ್ನು ನೋಡಿ. ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ವರ್ಡ್ ಅದರ ಹೆಸರನ್ನು ನೆನಪಿಟ್ಟುಕೊಂಡಿರುತ್ತದೆ. ನುಡಿ ಎಂದು ಶುರುವಾದರೆ ನುಡಿಯದು, ಬಿಆರ್‌ಎಚ್ ಎಂದಿದ್ದರೆ ಬರಹದ್ದು. ಇವೆರಡರ ಸಂಕೇತಗಳು ಬಹುಮಟ್ಟಿಗೆ ಒಂದೇ. ಶ್ರೀ ಎಂದು ಶುರುವಾದರೆ ಅದು ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ್ದು, ಅದರ ದಾರಿಯೇ ಬೇರೆ, ಅದಕ್ಕೆಂದೇ ಇರುವ ಪರಿವರ್ತಕ ಬೇಕು. ಫಾಂಟ್ ಪೆಟ್ಟಿಗೆಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟಿಗೆ ಬದಲಾಯಿಸಿದರೆ ಸರಿಹೋದೀತು ಎಂದು ಹಲವರು ಪ್ರಯತ್ನಿಸುತ್ತಾರೆ. ಹೋಗುವುದಿಲ್ಲ, ಒಳಗಿರುವುದು ಇಂಗ್ಲಿಷ್ ಅಕ್ಷರವೇ ತಾನೆ?

ಒಮ್ಮೆ ಓದಿದರೆ ಸಾಕು ಎನ್ನುವವರು ಹಳೆಯ ಫಾಂಟ್ ಹಾಕಿಕೊಂಡರೆ ಮುಗಿಯಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತವಾಗಿಯೇ ಸಿಗುತ್ತದೆ. ಆದರೆ ಅದನ್ನು ಕಂಡಕಂಡ ಜಾಲತಾಣದಿಂದ ಇಳಿಸಿಕೊಳ್ಳಬೇಡಿ. ಫಾಂಟ್ ಕೇಳಿದರೆ ಜೊತೆಗೆ ಇನ್ನೇನನ್ನೋ ಕಟ್ಟಿ ಕೊಡುವ ತಾಣಗಳಿಗೆ ಬರವಿಲ್ಲ. ಫಾಂಟ್ ಕಡತದ ಮೇಲೆ ಬಲ ಕ್ಲಿಕ್ ಮಾಡಿದರೆ ಇನ್‌ಸ್ಟಾಲ್ ಎಂಬ ಆಯ್ಕೆ ಬರಬೇಕು. ಫಾಂಟ್ ಎಂದು ಹೇಳಿ ಡಾಟ್ ಇಎಕ್ಸ್‌ಇ ಕಡತ ಕೊಟ್ಟಿದ್ದರೆ ಅದನ್ನು ತೆರೆಯದೆ ಅಳಿಸಿಬಿಡಿ.

ಉಳಿಸಿಕೊಳ್ಳಬೇಕಾದ ಬರಹವಾದರೆ ಯೂನಿಕೋಡ್‌ಗೆ ಬದಲಾಯಿಸಲೇಬೇಕು. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಅಂತರ್ಜಾಲದಲ್ಲಿಯೂ ಪರಿವರ್ತಕಗಳಿವೆ: ಒಂದು ಪೆಟ್ಟಿಗೆಯಲ್ಲಿ ಹಳೆಯ ಪಠ್ಯ ಅಂಟಿಸಿ ಗುಂಡಿ ಒತ್ತಿದರೆ ಇನ್ನೊಂದರಲ್ಲಿ ಕನ್ನಡ ಮೂಡುತ್ತದೆ. ಊರಿನ ಇತಿಹಾಸ, ಭಜನೆ ಪುಸ್ತಕಗಳಿಗೆ ಇದು ಧಾರಾಳವಾಗಿ ಸಾಕು. ಉಯಿಲು, ಕ್ರಯಪತ್ರ, ವೈದ್ಯಕೀಯ ವರದಿ, ಆಧಾರ್ ಸಂಖ್ಯೆಯಿರುವ ಅರ್ಜಿಗಳನ್ನು ಮಾತ್ರ ಅಲ್ಲಿ ಅಂಟಿಸಬೇಡಿ. ನೀವು ಅಂಟಿಸಿದ್ದು ಆ ತಾಣದ ಸರ್ವರ್ ಕಂಪ್ಯೂಟರಿಗೆ ಹೋಗುತ್ತದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಅಂಥವಕ್ಕೆ ನಿಮ್ಮದೇ ಕಂಪ್ಯೂಟರಿನಲ್ಲಿರುವ ಪರಿವರ್ತಕ, ಅದೂ ವೈಫೈ ಆರಿಸಿ.

ಬದಲಾಯಿಸುವ ಮುನ್ನ ಹಳೆಯ ಪಠ್ಯದಲ್ಲಿ ತಿದ್ದುಪಡಿ ಮಾಡಬೇಡಿ. ವರ್ಡ್‌ನ ಆಟೋಕರೆಕ್ಟ್ ಅದನ್ನು ಇಂಗ್ಲಿಷ್ ಎಂದೇ ತಿಳಿದು ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ. ಸಣ್ಣ ಕ್ಯೂ ಡಕಾರವಾದರೆ ದೊಡ್ಡ ಕ್ಯೂ ‘ಕಿ’. ವಾಕ್ಯದ ಆರಂಭದಲ್ಲಿ ಬರೆದ ಡಾಕ್ಟರರ ಗತಿ ಊಹಿಸಿಕೊಳ್ಳಿ.

ಇನ್ನೊಂದು ಕಾಟ, ನಡುವೆ ಬರುವ ನಿಜವಾದ ಇಂಗ್ಲಿಷ್ ಪದಗಳು. ಪರಿವರ್ತಕಕ್ಕೆ ಇಂಗ್ಲಿಷಿನ ಪಿ ಯಾವುದು, ಕಕಾರದ ಪಿ ಯಾವುದು ಎಂಬ ಭೇದವಿಲ್ಲ; ಎಲ್ಲವನ್ನೂ ಕನ್ನಡ ಮಾಡಿ ಗೊಜ್ಜು ಕಲಸುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಇಷ್ಟು: ಪ್ರತಿಯಲ್ಲಿ ಒಂದು ಇಂಗ್ಲಿಷ್ ಪದದ ಮೇಲೆ ಕರ್ಸರ್ ಇಟ್ಟು, ಹೋಮ್ ಪಟ್ಟಿಯ ಕೊನೆಯಲ್ಲಿರುವ ಸೆಲೆಕ್ಟ್ ಗುಂಡಿಯಿಂದ ಅದೇ ಫಾಂಟಿನ ಪಠ್ಯವನ್ನೆಲ್ಲ ಒಮ್ಮೆಗೇ ಆರಿಸಿ ಕೆಂಪು ಬಣ್ಣ ಬಳಿಯಿರಿ. ಬದಲಾಯಿಸಿದ ಬಳಿಕ ಆ ಕೆಂಪು ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಪದಗಳನ್ನು ಕೈಯಿಂದಲೇ ಸರಿಪಡಿಸಿ.

ಕರಡು ತಿದ್ದುವಾಗ ಎರಡು ಕಡೆ ಕಣ್ಣಿಡಿ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಬರೆಯುತ್ತಿದ್ದರು, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಕಳಪೆ ಪರಿವರ್ತಕ ಇಲ್ಲಿಯೇ ಎಡವುವುದು. ‘ಕರ್ನಾಟಕ’, ‘ಧರ್ಮ’ ಸರಿಯಾಗಿ ಬಂದಿವೆಯೇ ಎಂದು ಮೊದಲು ನೋಡಿದರೆ ಅದರ ಯೋಗ್ಯತೆ ತಿಳಿಯುತ್ತದೆ. ಎರಡನೆಯದು, ‘ರಾಜ್‌ಕುಮಾರ್’ ಎಂಬಂಥ ಹೆಸರು ಒತ್ತಕ್ಷರವಾಗಿ ಕೂಡಿಕೊಂಡು ‘ರಾಜ್ಕುಮಾರ್’ ಆಗುವುದು. ವರ್ಡ್‌ನಲ್ಲಿ ಹೆಸರನ್ನು ‘ರಾಜ್’ ವರೆಗೆ ಮತ್ತೆ ಬರೆದು, ಅಲ್ಲೇ 200 ಎಂದು ಬರೆದು ಅದಕ್ಕೆ ಅಂಟಿದಂತೆ ಇಂಗ್ಲಿಷಿನ ಸಿ ಅಕ್ಷರ ಸೇರಿಸಿ, ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಆಮೇಲೆ ‘ಕುಮಾರ್’ ಬರೆಯಿರಿ. ಕಣ್ಣಿಗೆ ಕಾಣದ ಸಂಕೇತವೊಂದು ಸೇರಿ ಅಕ್ಷರಗಳು ಬೇರೆಯಾಗುತ್ತವೆ.

ಪಿಡಿಎಫ್‌ನಲ್ಲಿ ಕನ್ನಡ ಸರಿಯಾಗಿ ಕಂಡು, ನಕಲಿಸಿದಾಗ ಮಾತ್ರ ಕಲಸುಮೇಲೋಗರ ಬಂದರೆ ಅದನ್ನೂ ಇದೇ ಪರಿವರ್ತಕಕ್ಕೆ ಹಾಕಿ ನೋಡಿ.

ಇಷ್ಟೆಲ್ಲ ಯಾಕೆ, ಮುದ್ರಿಸಿಟ್ಟರೆ ಸಾಲದೇ ಎಂದು ಮೇಷ್ಟರು ಕೇಳಿದರು. ಅವರಿಗೆ ಕಣ್ಣಿನ ಪೊರೆ. ಅಂಧರು ಬಳಸುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಹಳೆಯ ಕಡತ ಕೊಟ್ಟರೆ ಪಿ, ಎ, ಪೌಂಡ್ ಎಂದು ಒದರುತ್ತದೆ. ಅದನ್ನು ಹಾಕಿ ತೋರಿಸಿದೆ. ತಮ್ಮ ಊರಿನ ಕೆರೆಯ ಕಥೆಯನ್ನು ಯಂತ್ರದ ಬಾಯಲ್ಲಿ ಕೇಳಿ ಮೇಷ್ಟರು ಬಹಳ ಹೊತ್ತು ನಕ್ಕರು. ಆಮೇಲೆ ಹುಡುಕು ಪೆಟ್ಟಿಗೆಯಲ್ಲಿ ತಮ್ಮ ಅಜ್ಜನ ಹೆಸರು ಬರೆದು, ಅದು ಯಾವ ಯಾವ ಪುಟದಲ್ಲಿದೆ ಎಂದು ಗುರುತು ಹಾಕಿಕೊಂಡರು.

ಎರಡು ವಾರದ ಬಳಿಕ ಅವರಿಂದ ಫೋನ್ ಬಂತು. ಪುಸ್ತಕ ಅಚ್ಚು ಹಾಕಿಸಲು ಹೋದರೆ ಮುದ್ರಣಾಲಯದವರು, ‘ನಮ್ಮಲ್ಲಿರುವುದು ಪೇಜ್‌ಮೇಕರ್. ಯೂನಿಕೋಡ್ ನಡೆಯುವುದಿಲ್ಲ, ನುಡಿಯಲ್ಲೇ ಕೊಡಿ’ ಎಂದರಂತೆ. ಪುಟ ವಿನ್ಯಾಸದ ಆ ಹಳೆಯ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಪರಿವರ್ತಕದಲ್ಲಿ ಹಿಂದಕ್ಕೆ ಹೋಗುವ ಗುಂಡಿಯೂ ಇರುತ್ತದೆ, ತಿದ್ದಿದ ಪ್ರತಿಯನ್ನು ಅದಕ್ಕೆ ಹಾಕಿ ಎಂದೆ. ‘ಮೂಲ ಕಡತವನ್ನೇ ಕೊಟ್ಟರಾಗದೇ?’ ಎಂದರು. ಬೇಡ ಮೇಷ್ಟ್ರೇ, ಅದರಲ್ಲಿ ನಾವು ತಿದ್ದಿದ ಯಾವುದೂ ಇಲ್ಲ ಎಂದೆ.