ಜೀಪಿನ ರೇಡಿಯೇಟರ್ ಹೋಸ್‌ಗೆ ಹೊಸ ದಾರಿ ಮಾಡಿದ್ದು

ಇಂಜಿನ್ ಬಿಸಿಯಾದರೆ ಎಲ್ಲರೂ ಮೊದಲು ರೇಡಿಯೇಟರಿಗೆ ಬೈಯುತ್ತಾರೆ, ಆಮೇಲೆ ವಾಟರ್ ಪಂಪಿಗೆ. ಹೋಸ್ ಯಾವ ದಾರಿಯಲ್ಲಿ ಹೋಗಿದೆ ಅಂತ ಬಗ್ಗಿ ನೋಡುವವರು ಕಡಿಮೆ. ಅಡಿಕೆ, ಗೊಬ್ಬರ ಎಲ್ಲ ಹೊರುವ ನಮ್ಮ ಹಳೆ ಡೀಸೆಲ್ ಜೀಪಿಗೆ ಬೇರೆ ರೇಡಿಯೇಟರ್ ಕೂರಿಸಬೇಕಾಯಿತು. ಸಿಕ್ಕಿದ್ದು ಒಳ್ಳೆಯದೇ, ಅಗಲವೂ ಜಾಸ್ತಿ, ಆದರೆ ಅದರ ಕೆಳಗಿನ ಬಾಯಿ ಪಂಪಿನ ಎದುರು ಬದಿಗಿತ್ತು. ಬದಿಯಡ್ಕದ ಮೆಕ್ಯಾನಿಕ್ "ಉದ್ದದ ಹೋಸ್ ಒಂದು ಎಳೆದು ಬಿಡುವ ಭಟ್ರೇ, ಅಷ್ಟೇ" ಅಂದರು. ನನಗೆ ಅದು ಸರಿ ಕಾಣಲಿಲ್ಲ. ಅಂಗಳದಲ್ಲೇ ಜೀಪು ನಿಲ್ಲಿಸಿ ನಾನೇ ಮಾಡಿದೆ.

ನೀರಿನ ಸುತ್ತು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಪಂಪ್ ನೀರನ್ನು ಇಂಜಿನ್ನಿನ ಬ್ಲಾಕಿಗೆ ತಳ್ಳುತ್ತದೆ, ಅಲ್ಲಿಂದ ಅದರ ಮೇಲಿನ ಹೆಡ್ಡಿಗೆ, ಥರ್ಮೋಸ್ಟ್ಯಾಟ್ (ನೀರು ಬಿಸಿಯಾದಾಗ ತೆರೆಯುವ ವಾಲ್ವ್) ತೆರೆದಿದ್ದರೆ ಮೇಲಿನ ಹೋಸಿನಲ್ಲಿ ರೇಡಿಯೇಟರಿಗೆ, ತಣಿದ ಮೇಲೆ ಕೆಳಗಿನ ಹೋಸಿನಲ್ಲಿ ವಾಪಸ್ ಪಂಪಿಗೆ. ಅಂದರೆ ಮೇಲಿನ ಹೋಸನ್ನು ನೀರು ಒಳಗಿಂದ ಉಬ್ಬಿಸುತ್ತದೆ, ಕೆಳಗಿನದನ್ನು ಪಂಪ್ ಹೀರುತ್ತದೆ. ನೋಡಲು ಎರಡೂ ಒಂದೇ ತರದ ರಬ್ಬರ್. ಕೆಲಸ ಮಾತ್ರ ಬೇರೆ ಬೇರೆ.

ಉದ್ದದ ಹೋಸ್ ಬೇಡ ಅಂದದ್ದು ಇದಕ್ಕೇ. ಫ್ಯಾನಿನ ಅಡಿಯಲ್ಲಿ ಆ ಬದಿಯಿಂದ ಈ ಬದಿಗೆ ಬರೀ ರಬ್ಬರ್ ಎಳೆದರೆ ಬಿಸಿಗೆ ಮೆತ್ತಗಾಗಿ ಜೋಲುತ್ತದೆ, ಇಲ್ಲವೇ ಇಂಜಿನ್ ರೈಸ್ ಆದಾಗ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದರೆ ನೀರಿನ ಓಟ ಕಡಿಮೆಯಾಗುತ್ತದೆ, ಅದೂ ಇಂಜಿನ್‌ಗೆ ನೀರು ಅತಿ ಹೆಚ್ಚು ಬೇಕಾದ ಹೊತ್ತಲ್ಲೇ. ಕೆಲವು ಕೆಳಗಿನ ಹೋಸ್‌ಗಳ ಒಳಗೆ ಸ್ಪ್ರಿಂಗ್ ಇರುವುದು ಈ ಕಾರಣಕ್ಕೆ. ಹಳೆಯದನ್ನು ಬಿಚ್ಚಿದಾಗ ತುಕ್ಕು ಹಿಡಿದ ಸ್ಪ್ರಿಂಗ್ ಸಿಕ್ಕಿದರೆ ಸುಮ್ನೆ ಎಸೆಯಬೇಡಿ, ಹೊಸತು ಹಾಕಿ. ನಾನು ನಡುವಿನ ಉದ್ದಕ್ಕೆ ಕಬ್ಬಿಣದ ಪೈಪ್ ಹಾಕಿ ಎರಡೂ ತುದಿಗೆ ಗಿಡ್ಡ ರಬ್ಬರ್ ಬೆಂಡ್ ಕೊಟ್ಟೆ. ಪೈಪಿನ ತುದಿಗಳಿಗೆ ವೆಲ್ಡಿಂಗ್‌ನಿಂದ ಸುತ್ತಲೂ ಸಣ್ಣ ಏಣು ಕೊಡಿಸಿ ಅರದಲ್ಲಿ ನಯ ಮಾಡಿದೆ. ಆ ಏಣು ಇಲ್ಲದಿದ್ದರೆ ಒತ್ತಡಕ್ಕೆ ಹೋಸ್ ಜಾರಿ ಕಳಚಿಕೊಳ್ಳುತ್ತದೆ. ಕ್ಲಿಪ್ ಬರಬೇಕಾದ್ದು ಏಣಿನ ಮೇಲಲ್ಲ, ಅದರ ಹಿಂದೆ.

ಪೈಪನ್ನು ಚಾಸಿಗೆ ಬ್ರಾಕೆಟ್ ಹಾಕಿ ಬಿಗಿದೆ. ರೇಡಿಯೇಟರ್ ಕೂತಿರುವುದು ಚಾಸಿ ಮೇಲೆ, ಇಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ಸ್ಟಾರ್ಟ್ ಮಾಡುವಾಗ, ಆಫ್ ಮಾಡುವಾಗ ಡೀಸೆಲ್ ಇಂಜಿನ್ ಎಷ್ಟು ಅಲ್ಲಾಡುತ್ತದೆ ಅಂತ ಬಾನೆಟ್ ಎತ್ತಿ ನೋಡಿದವರಿಗೆ ಗೊತ್ತು. ಆ ಅಲುಗಾಟವನ್ನೆಲ್ಲ ಇಂಜಿನ್ ಬದಿಯ ರಬ್ಬರ್ ತುಂಡೇ ತಡೆದುಕೊಳ್ಳಬೇಕು. ಅಲ್ಲಿ ಬಿಗಿಯಾಗಿ ಎಳೆದು ಸಿಕ್ಕಿಸಿದರೆ ಇವತ್ತಲ್ಲ ನಾಳೆ ರೇಡಿಯೇಟರಿನ ಬಾಯಿಯೇ ಬೆಸುಗೆ ಬಿಡುತ್ತದೆ.

ಬೆಂಡ್ ಹುಡುಕಲು ನಾನು ಮಾಡಿದ್ದು ಇಷ್ಟೇ: ದಪ್ಪ ತಂತಿಯನ್ನು ಎರಡು ಬಾಯಿಗಳ ನಡುವೆ ಹಿಡಿದು, ಫ್ಯಾನ್, ಬೆಲ್ಟ್, ಸೈಲೆನ್ಸರ್ ಪೈಪ್ ಯಾವುದಕ್ಕೂ ತಾಗದ ಹಾಗೆ ಬಗ್ಗಿಸಿ, ಆ ತಂತಿಯನ್ನೇ ಕಾಸರಗೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಒಯ್ದೆ. ಮಾಡೆಲ್ ಹೆಸರು ಹೇಳುವುದಕ್ಕಿಂತ ಇದು ಬೇಗ ಆಗುತ್ತದೆ. ಯಾವುದೋ ಲಾರಿಯ ಹೋಸಿನ ಮೊಣಕೈ ನಮ್ಮ ತಂತಿಗೆ ಸರಿಯಾಗಿ ಕೂತಿತು, ಕತ್ತರಿಸಿಕೊಂಡೆ. ನೇರ ಹೋಸನ್ನು ಬಲವಂತವಾಗಿ ಬಗ್ಗಿಸಬೇಡಿ, ಬಗ್ಗಿದ ಕಡೆ ಮಡಚಿಕೊಳ್ಳುತ್ತದೆ. ಹೋಸ್ ಏರಿಸುವಾಗ ಗ್ರೀಸ್, ಆಯಿಲ್ ಸವರುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಈ ಹೋಸ್‌ಗಳು ಹೆಚ್ಚಾಗಿ ಇಪಿಡಿಎಂ ರಬ್ಬರಿನವು, ಆಯಿಲ್ ತಾಗಿದರೆ ಊದಿ ಮೆತ್ತಗಾಗುತ್ತವೆ. ಸೋಪು ನೀರು ಸಾಕು.

ಮೇಲಿನ ಹೋಸಿನಲ್ಲಿ ತೊಂದರೆ ಕೊಡುವುದು ಗಾಳಿ. ಸುರಂಗದಿಂದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ತೋಟಕ್ಕೆ ಪೈಪ್ ಎಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಪೈಪ್ ಎಲ್ಲಿ ಏರಿ ಇಳಿದಿದೆಯೋ ಅಲ್ಲಿ ಗಾಳಿ ಕಟ್ಟಿ ನೀರು ನಿಲ್ಲುತ್ತದೆ ಅಲ್ವಾ, ಇಲ್ಲೂ ಅದೇ. ಹೋಸ್ ಹೆಡ್ಡಿನಿಂದ ರೇಡಿಯೇಟರ್ ಕಡೆಗೆ ಸ್ವಲ್ಪ ಏರುತ್ತಲೇ ಹೋಗಬೇಕು, ರೇಡಿಯೇಟರಿನ ಮುಚ್ಚಳ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ರೇಡಿಯೇಟರಿನ ಅಡಿಗೆ ರಬ್ಬರ್ ಪ್ಯಾಡ್ ಕೊಟ್ಟು ಎತ್ತರಿಸಿದೆ. ನೀರು ತುಂಬುವಾಗ ಜೀಪಿನ ಮೂತಿಯನ್ನು ಚಡಾವಿಗೆ, ಅಂದರೆ ಏರಿಗೆ, ಮುಖ ಮಾಡಿ ನಿಲ್ಲಿಸಿದೆ. ನಮ್ಮೂರಲ್ಲಿ ಚಡಾವಿಗೇನು ಬರಗಾಲ! ಥರ್ಮೋಸ್ಟ್ಯಾಟಿನಲ್ಲಿ ಅಲ್ಲಾಡುವ ಪಿನ್ ಇರುವ ಸಣ್ಣ ತೂತಿದ್ದರೆ ಅದು ಮೇಲೆ ಬರುವ ಹಾಗೆ ಕೂರಿಸಿ, ಗಾಳಿ ಹೋಗುವುದೇ ಅದರಲ್ಲಿ.

"ಆ ವಾಲ್ವ್ ತೆಗ್ದು ಬಿಸಾಡಿ, ಇಂಜಿನ್ ತಂಪು ಇರ್ತದೆ" ಅಂತಲೂ ಸಲಹೆ ಬಂತು. ಒಪ್ಪಲಿಲ್ಲ. ಬಿಸಿಯಾದಾಗ ಬೈಪಾಸ್ ಬಾಯಿ ಮುಚ್ಚುವುದೂ ಥರ್ಮೋಸ್ಟ್ಯಾಟೇ ಆಗಿರುವ ಇಂಜಿನ್‌ಗಳಿವೆ. ಅವುಗಳಲ್ಲಿ ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಸೀದಾ ಪಂಪಿಗೆ ಮರಳುತ್ತದೆ. ಮಳೆಗಾಲದಲ್ಲಿ ಇಂಜಿನ್ ಬಿಸಿಯೇ ಏರದೆ ಡೀಸೆಲ್ ಜಾಸ್ತಿ ಕುಡಿಯುವುದು ಬೇರೆ.

ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿಸಿ ಪರೀಕ್ಷೆ ಮಾಡಿದೆ. ಸೆಕೆಂಡ್ ಗೇರಿನಲ್ಲಿ ವೇಗ ಇಲ್ಲ, ಎದುರು ಗಾಳಿ ಇಲ್ಲ, ಲೋಡ್ ಮಾತ್ರ ಪೂರ್ತಿ, ಇದಕ್ಕಿಂತ ಒಳ್ಳೆ ಪರೀಕ್ಷೆ ಬೇಡ. ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವಿನಿಂದ ಅಲುಗಲಿಲ್ಲ. ಮನೆಗೆ ಬಂದು ಪೂರ್ತಿ ತಣಿದ ಮೇಲೆ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿದೆ. ಹೊಸ ರಬ್ಬರ್ ಒಂದು ಸಲ ಬಿಸಿಯಾಗಿ ತಣಿದರೆ ಸ್ವಲ್ಪ ಸಡಿಲಾಗುತ್ತದೆ. ಬಿಸಿ ಇರುವಾಗ ಮಾತ್ರ ಮುಚ್ಚಳಕ್ಕೆ ಕೈ ಹಾಕಬೇಡಿ. 0.9 ಬಾರ್ ಮುಚ್ಚಳದ ಅಡಿಯಲ್ಲಿ ಬರೀ ನೀರು ಕೂಡ 118 ಡಿಗ್ರಿ ಹತ್ತಿರದವರೆಗೆ ಕುದಿಯದೆ ನಿಂತಿರುತ್ತದೆ, ತೆಗೆದ ಕೂಡಲೇ ಕುದಿದು ಮುಖಕ್ಕೆ ಹಾರುತ್ತದೆ.

ಇಂಜಿನ್ ತಣಿದಾಗ ಮೇಲಿನ ಹೋಸ್ ಒಳಕ್ಕೆ ಚಪ್ಪಟೆಯಾಗಿದ್ದರೆ ಹೋಸ್ ಬದಲಿಸಲು ಓಡಬೇಡಿ. ಮುಚ್ಚಳದ ಒಳಗಿನ ಚಿಕ್ಕ ವಾಲ್ವ್ ಅಂಟಿಕೊಂಡಿರುತ್ತದೆ, ಇಲ್ಲ ಹೆಚ್ಚಾದ ನೀರು ಹೋಗಿ ನಿಲ್ಲುವ ಬಾಟಲಿಯ ಸಣ್ಣ ಪೈಪ್ ಕಟ್ಟಿರುತ್ತದೆ. ಹೋಸ್ ಹಳತಾಯಿತಾ ಅಂತ ನೋಡಲು ಕ್ಲಿಪ್ಪಿನ ಪಕ್ಕದಲ್ಲೇ ಹಿಚುಕಿ. ಹೊರಗೆ ಹೊಳೆಯುತ್ತಿದ್ದರೂ ಬಿರುಕು ಒಳಗಿಂದ, ಅದೂ ತುದಿಗಳ ಹತ್ತಿರವೇ ಶುರುವಾಗುತ್ತದೆ. ನಡುವಿನಷ್ಟು ಗಟ್ಟಿ ಇಲ್ಲದೆ ಮೆತ್ತಗೆ ಟೊಳ್ಳು ಅನಿಸಿದರೆ ಬದಲಿಸಿ.

ಕುಂಬಳೆ, ಉಪ್ಪಳ ಕಡೆ ಸಮುದ್ರ ಹತ್ತಿರ ಇರುವವರು ಬಾವಿ ನೀರು ಹಾಕಲೇಬೇಡಿ, ಉಪ್ಪಿನಂಶಕ್ಕೆ ಒಳಗೆಲ್ಲ ತುಕ್ಕು. ಬ್ಯಾಟರಿ ನೀರಿಗೆ (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಕೂಲಂಟ್ ಸಮ ಸಮ ಬೆರೆಸಿ. ರೆಡಿ ಮಿಕ್ಸ್ ಕೂಲಂಟ್ ತಂದಿದ್ದರೆ ಅದಕ್ಕೆ ಮತ್ತೆ ನೀರು ಸೇರಿಸುವುದು ಬೇಡ.